ಆರಿದ ಫೋನಿನಾಗಿನ ಪಾತರಗಿತ್ತಿ

ಖರೆ, ಉಕ್ಕಡಗಾತ್ರಿ ಅಜ್ಜಯ್ಯನ ಆಣೆಗೂ ಖರೆ, ಇದರಾಗೆ ಒಂದಕ್ಷರ ಸುಳ್ಳಿದ್ರೆ ಈ ಜೇನುಹುಳನೇ ಬಂದು ಏಕಾಂತಪ್ಪನ ನಾಲಿಗೆಗೆ ಕಚ್ಚಿಬಿಡ್ಲಿ — ಎಲ್ಲಿ ಹೋತು ಹುಳ, ಈಗ ಇತ್ತಲ್ಲ ತುಳಸಿ ಕದಿರಿನ ಮ್ಯಾಲೆ, ಫೋನು ಎತ್ತೋದ್ರಾಗೆ ಮಾಯ, ಫೋಟದಾಗೆ ಬರೇ ಕದಿರು ಬಂದೈತೆ, ಜೊತಿಗೆ ಅವನ ಹೆಬ್ಬೆಟ್ಟು ಒಂದು, ಕುಂಬಳಕಾಯಿ ಇದ್ದಂಗೆ — ಮನಿ ಹಿಂದ್ಲ ಈ ನಾಕು ಮಾರು ಹಿತ್ಲಾಗೆ ತುದಿಗಾಲ ಮ್ಯಾಲೆ ಕುಂತು ಕುಂತು ಮಂಡಿ ಹಿಡ್ಕಂಡಾವೆ, ಹರಿಹರದ ಹೊಳಿ ಗಾಳಿ ಬ್ಯಾರೆ, ಗಾಳಿ ಬಂದ್ರೆ ಹೂವು ತೂಗ್ತಾವೆ, ಹೂವು ತೂಗಿದ್ರೆ ಹುಳ ಕೂಡಂಗಿಲ್ಲ, ಹುಳ ಕುಂತ್ರೆ ಫೋನು ಮಾತು ಕೇಳಂಗಿಲ್ಲ, ಎಂಟು ತಿಂಗಳಾತು ಈ ಫೋಟ ಹೊಡಿಯೋ ಉದ್ಯೋಗ ಹಿಡದು, ದಿನಾ ಇದೇ ಹಾಡು. ಇರ್ಲಿ. ಖರೆ ಸಂಗ್ತಿ ಏನಂದ್ರೆ ನಿನ್ನೆ ಬೆಳಿಗ್ಗೆ ಫೋಟ ಹೊಡದ ಮ್ಯಾಲೆ ಫೋನು ಸತ್ತಿತ್ತು, ಚಾರ್ಜಿಲ್ದೆ, ಕರೀ ರೊಟ್ಟಿಹಂಚು ಇದ್ದಂಗೆ, ಅದನ್ನ ಅವನು ನೋಡ್ಕಳ್ಳಿಲ್ಲ, ಹಂಗೇ ತಗಂಡೋಗಿ ಹೆಂಡ್ತಿ ಮೀನಾಕ್ಷಿ ಮುಖದ ಮುಂದೆ ಹಿಡದ, ನೋಡು ಇವತ್ತು ಯಾರು ಬಂದಾರೆ ಅಂದ, ಅಕಿ ಅವನ ಕೈ ಸಮೇತ ಫೋನು ಹತ್ರಕ್ಕೆ ಎಳ್ಕಂಡ್ಲು, ಎರಡು ಬೆರಳಿಟ್ಟು ದೊಡ್ಡದು ಮಾಡಿದ್ಲು, ನಕ್ಳು, ಆಹಾ ಹಳದಿ ಪಾತರಗಿತ್ತಿ ಕಣ್ರೀ, ಚೆಂಡೂವಿನ ಮ್ಯಾಲೆ ಕುಂತೈತೆ, ರೆಕ್ಕೆ ಅಗಲ ಮಾಡ್ಕಂಡು, ಎಷ್ಟು ಚಂದ ಐತೆ. ಅವನು ಫೋನು ತಿರುಗಿಸಿ ನೋಡ್ದ. ರೊಟ್ಟಿಹಂಚು.

ಬಾಯಿ ಬರ್ಲಿಲ್ಲ. ಏಕಾಂತಪ್ಪಂಗೆ ಬಾಯಿ ಬರ್ಲಿಲ್ಲ ಅಂದ್ರೆ ದಾವಣಗೆರೆ ಮಾರ್ಕೆಟ್ಟಾಗೆ ಯಾರೂ ನಂಬಂಗಿಲ್ಲ, ಮೂವತ್ತು ವರ್ಷ ಅಲ್ಲಿ ಮೆಕ್ಕೆಜೋಳದ ಚೀಲ ಹೊಲ್ದವನು, ದಬ್ಬಳದಾಗೆ ಹುರಿ ಪೋಣಿಸ್ತಾ ಪೋಣಿಸ್ತಾ ಕಥಿ ಹೇಳಿದವನು, ಕಥಿ ಕೇಳಿ ಕೇಳಿ ಹಮಾಲರು ಚೀಲ ಹೊತ್ತಿದ್ದು ಮರ್ತು ಹಂಗೇ ನಿಂತಿರೋರು — ಮರ್ತು ನಿಂತಿರೋದು ಅಂದ್ರೆ ನಿನ್ನೆ ಅವನು ನಿಂತಂಗೆ, ಹೆಂಗೆ, ಅಲ್ಲ ಹೆಂಗೆ ಹೇಳ್ತಿದ್ಲು ಇಷ್ಟು ದಿನ. ಶುಗರಿಂದ ಮೀನಾಕ್ಷಿ ಕಣ್ಣಿನ ಹಿಂದೆ ರಕ್ತ ಸೋರ್ತೈತೆ ಅಂದಿದ್ರು ಡಾಕ್ಟ್ರಮ್ಮ, ದಾವಣಗೆರೆಯಾಗೆ, ಕಣ್ಣಿಗೆ ಇಂಜೆಕ್ಷನ್ ಹಾಕ್ಬೇಕು ಯಜಮಾನ್ರೇ, ಬೆಳಕಿರೋವಾಗ್ಲೇ ಕರ್ಕಂಡು ಬರ್ರಿ, ಪೂರಾ ಕತ್ಲೆ ಆದ್ಮ್ಯಾಲೆ ಬಂದ್ರೆ ನನ್ನ ಕೈಯಾಗೂ ಏನಿಲ್ಲ. ಮೀನಾಕ್ಷಿ ಸೆರಗು ಕಣ್ಣಿಗೆ ಒತ್ಕಂಡು ಸೀದಾ ಬಸ್ಸಿಗೆ ಬಂದು ಕುಂತ್ಲು, ನಂಗೆ ಎಲ್ಲಾ ಕಾಣ್ತೈತೆ, ಸೂಜಿ ಯಾಕ, ಬ್ಯಾಡ ಅಂದ್ರೆ ಬ್ಯಾಡ. ಆವಾಗ ವಿನೋಬನಗರದಾಗಿರೋ ಮಗಳು ರೂಪಶ್ರೀ ಉಪಾಯ ಹೂಡಿದ್ಲು, ಅಪ್ಪಾಜಿ, ಅಮ್ಮನ ಹೂವಿನ ಮ್ಯಾಲೆ ಕೂಡೋ ಹುಳ ಹುಪ್ಪಡಿ ದಿನಾ ಒಂದು ಫೋಟ ಹೊಡೀರಿ, ಅಮ್ಮಂಗೆ ತೋರಿಸ್ರಿ, ಏನೈತೆ ಅಂತ ಹೇಳಿದ್ರೆ ಕಣ್ಣೈತೆ ಅಂತ, ಹೇಳ್ಲಿಲ್ಲಂದ್ರೆ ಅವತ್ತೇ ಹೊತ್ಕಂಡಾದ್ರೂ ಹೋಗಾನ, ಆತಾ ಅಮ್ಮ? ಆತವ್ವ ಅಂದ್ಲು ಮೀನಾಕ್ಷಿ. ದಿನಾ ಹೇಳಿದ್ಲು. ದಿನಾ ಸರಿ. ಜೇನುಹುಳ ಅಂದ್ರೆ ಜೇನುಹುಳ. ಅವನು ಓಣಿ ತುಂಬ ಎದಿ ಉಬ್ಬಿಸ್ಕಂಡು ಓಡಾಡಿದ, ನನ್ನ ಹೆಂಡ್ತಿ ಜೇನುಹುಳದ ಕಾಲಾಗಿನ ಕೂದ್ಲು ಎಣಿಸ್ತಾಳೆ, ಮೊನ್ನೆ ಒಂದು ಪಾತರಗಿತ್ತಿ ನನ್ನ ಹತ್ರ ಫೋಟ ತೆಗಿಸ್ಕಳ್ಳಾಕಂತ್ಲೇ ಹೊಳಿ ದಾಟ್ಕಂಡು ಬಂತು, ರೆಕ್ಕೆ ಮೊರದಷ್ಟು ಅಗಲ, ಕೂಡಾಕೆ ಹೂವು ಸಾಲ್ದೆ ನಮ್ಮ ಓಣಿ ಬಕ್ಕೇಶಪ್ಪನ ಬೋಳು ತಲಿ ಮ್ಯಾಲೆ ಕುಂತ್ತು — ನಗೋರು ಎಲ್ಲಾ, ಬಕ್ಕೇಶಪ್ಪನೂ ತಲಿ ಸವರ್ಕಂಡು ನಗೋನು — ಕೈ. ಕೈ ಅದು. ನಿನ್ನೆಯಿಂದ ತಿರುವಿ ತಿರುವಿ ನೋಡಿ ಈಗ ಹೊಳೀತು. ತುಳಸಿ ಮುಟ್ಟಿ ಬಂದ್ರೆ ಅವನ ಕೈಗೆ ತುಳಸಿ ವಾಸ್ನೆ, ತುಳಸಿ ಅಂದ್ರೆ ಜೇನುಹುಳ, ಚೆಂಡೂವು ಮುಟ್ಟಿ ಬಂದ್ರೆ ಅದರ ಒಗರು ವಾಸ್ನೆ, ಚೆಂಡೂವು ಅಂದ್ರೆ ಪಾತರಗಿತ್ತಿ. ಕೈ ಸಮೇತ ಎಳ್ಕಳ್ತಿದ್ಲು, ಯಾವಾಗ್ಲೂ ಕೈ ಸಮೇತ, ಕಣ್ಣಿನ ಹತ್ರಕ್ಕಲ್ಲ, ಮೂಗಿನ ಹತ್ರಕ್ಕೆ.

ಎಷ್ಟು ದಿನದಿಂದ. ಒಂದು ತಿಂಗಳಿಂದನಾ, ನಾಕು ತಿಂಗಳಿಂದನಾ, ದೀಪ ಯಾವತ್ತು ಸಣ್ಣಗಾತು, ಯಾವತ್ತು ಆರ್ತು, ಪಕ್ಕದಾಗೇ ಕುಂತು ಚಾ ಕುಡದಾನೆ, ಗೊತ್ತಾಗ್ಲಿಲ್ಲ — ಇನ್ನೂ ಒಂಚೂರು ಬೆಳಕು ಇದ್ದೀತು, ಮೊನ್ನೆ ಬಾಗ್ಲಾಗೆ ನಿಂತಾಗ ಸರ್ಕಂಡು ನಿಂದ್ರಿ, ಬಿಸ್ಲಿಗೆ ಅಡ್ಡ ಆಗೀರಿ ಅಂದ್ಲಲ್ಲ, ಬಿಸ್ಲು ಗೊತ್ತಾಗ್ತೈತೆ ಅಂದ್ರೆ ಇನ್ನೂ ಐತೆ, ಇದ್ದೀತು, ಅಥವಾ ಮೈಗೆ ಬಿಸಿ ತಾಗಿ ಹೇಳಿದ್ಲಾ — ಇವತ್ತು ಶನಿವಾರ, ಡಾಕ್ಟ್ರಮ್ಮ ಒಂದು ಗಂಟಿವರೆಗೆ ಇರ್ತಾರೆ, ಬಸ್ಸು ಹತ್ತಿದ್ರೆ ಅರ್ಧ ತಾಸು. ಬೆಳಿಗ್ಗೆ ಎದ್ದವನೇ ಹೇಳಿದ, ಲೇ, ನಿನ್ನೆ ಫೋನು ಆಫ್ ಆಗಿತ್ತು. ಅಕಿ ಅಕ್ಕಿ ಆರಿಸೋ ಕೈ ನಿಲ್ಲಿಸ್ಲಿಲ್ಲ, ಹೂಂ, ಪಾತರಗಿತ್ತಿ ಬಕ್ಕೇಶಪ್ಪನ ತಲಿ ಮ್ಯಾಲೂ ಕುಂತಿತ್ತಲ್ಲ ಅಂದ್ಲು. ರೂಪಶ್ರೀಗೆ ಫೋನು ಹಚ್ಚಿದ, ಆ ಕಡೆ ಹೊಲಿಗಿ ಮಿಷನ್ನು ಗರಗರ ಅಂತೈತೆ, ಅಪ್ಪಾಜಿ, ಆಫ್ ಆಗಿರೋ ಫೋನಾಗೆ ಅಮ್ಮ ಪಾತರಗಿತ್ತಿ ನೋಡಿದ್ಲಾ, ಅಯ್ಯಪ್ಪ, ಇದು ಇಲ್ಲಿವರೆಗಿನ ನಿಮ್ಮ ಕಥಿಗಳಾಗೆಲ್ಲಾ ಫಸ್ಟ್ ಕ್ಲಾಸ್ ಕಥಿ, ತಡೀರಿ ನಮ್ಮ ಮನ್ಯಾಗೆಲ್ಲಾ ಹೇಳ್ತೀನಿ, ಮಿಷನ್ನು ಮತ್ತೆ ಗರಗರ.

ಆ ದಬ್ಬಳದ ಕಥಿ ಹೇಳಬಾರ್ದಿತ್ತು. ಯಾವ ಬಾಯಾಗೆ ಹೇಳಿದ್ನೋ. ಎರಡು ವರ್ಷದ ಹಿಂದೆ ಜೊತಿಗಾರ ಹನುಮಂತಪ್ಪನ್ನ ಅದೇ ಆಸ್ಪತ್ರಿಗೆ ಇದೇ ಸೂಜಿಗೆ ಕರ್ಕಂಡೋಗಿದ್ದ, ಒಳಗ ಬಿಟ್ಟಿರ್ಲಿಲ್ಲ, ಹೊರಗ ಬೆಂಚಿನ ಮ್ಯಾಲೆ ಕುಂತು ಮಂಡಕ್ಕಿ ಮಿರ್ಚಿ ತಿಂದು ಬಂದಾನೆ, ಅಷ್ಟೇ ನಡದದ್ದು. ಸಂಜಿಗೆ ಕಟ್ಟಿ ಮ್ಯಾಲೆ ಯಲ್ಲಕ್ಕ, ಬಕ್ಕೇಶಪ್ಪ, ಓಣಿಯೋರೆಲ್ಲಾ ಕುಂತಿದ್ರು, ಏನ್ ಮಾಡಿದ್ರಪ್ಪ ಹನುಮಂತಪ್ಪಂಗೆ ಅಂದ್ಲು ಯಲ್ಲಕ್ಕ, ಅಷ್ಟೇ ಸಾಕಾತು. ದಬ್ಬಳ ಕಣಕ್ಕ, ನಾನು ಚೀಲ ಹೊಲಿಯೋ ದಬ್ಬಳ, ಅದಕ್ಕಿಂತ ಒಂದು ಗೇಣು ಉದ್ದ, ನಾಕು ಮಂದಿ ಕೈಕಾಲು ಹಿಡದ್ರು, ಕಣ್ಣಾಗೆ ಹಾಕಿ ಕಿವಿಯಾಗೆ ತೆಗದ್ರು, ಹನುಮಂತಪ್ಪ ಕೂಗಿದ ಕೂಗಿಗೆ ಗ್ವಾಡಿ ಮ್ಯಾಲಿನ ಗಡಿಯಾರ ನಿಂತೋತು, ಕಾಂಪೌಂಡ್ ಹೊರಗಿನ ಆಟೋದೋರು ಓಡೋದ್ರು. ಎಲ್ಲಾ ಹೊಟ್ಟಿ ಹಿಡ್ಕಂಡು ನಕ್ರು. ಮೀನಾಕ್ಷಿನೂ ನಕ್ಳು, ನಕ್ಕಂತ ಒಂದು ಕೈ ಕಣ್ಣಿನ ಮ್ಯಾಲೆ ಇಟ್ಕಂಡಿದ್ಲು. ಅವನು ನೋಡಿದ್ದ ಆ ಕೈ. ನೋಡಿ ಇನ್ನೊಂದು ಗೇಣು ಉದ್ದ ಮಾಡಿದ್ದ. ಆಮ್ಯಾಲೆ, ಅಕಿ ಸೂಜಿ ಬ್ಯಾಡ ಅಂದಾಗ, ಸುಳ್ಳು ಕಣೇ ಅಂತ ಎಷ್ಟು ಸಲ ಹೇಳಿದ, ಹನುಮಂತಪ್ಪನ್ನೇ ಮನಿಗೆ ಕರ್ಸಿದ, ಇರುವಿ ಕಡದಂಗೂ ಆಗ್ಲಿಲ್ಲ ತಂಗಿ ಅಂದ ಅವನು, ಅವನು ಹೋದ್ಮ್ಯಾಲೆ ಅಕಿ, ಚಾ ಕುಡಿಸಿ ಚಲೋ ಪಾಠ ಕಲ್ಸೀರಿ ಬಿಡ್ರಿ. ಖರೆಗೆ ಅವನ ಬಾಯಾಗೆ ಜಾಗ ಇಲ್ಲ, ಅದು ಅಲ್ಲಿ ಬಂದ್ರೂ ಸುಳ್ಳಿನ ಅಂಗಿ ಹಾಕ್ಕಂಡಂಗೆ ಕಾಣ್ತೈತೆ.

ಬಂತು. ಸುಮ್ನಿರು. ಉಸ್ರು ಬಿಡ್ಬ್ಯಾಡ. ಕನಕಾಂಬ್ರದ ಮ್ಯಾಲೆ, ಕರೇದು, ರೆಕ್ಕೆ ತುಂಬ ಹಳದಿ ಚುಕ್ಕಿ, ಕುಂತ್ತು, ನೆಳ್ಳು ಬೀಳ್ಬಾರ್ದು, ಮಂಡಿ ಮ್ಯಾಲೆ ಸರೀತಾನೆ, ಫೋನು ಹತ್ರ, ಇನ್ನೂ ಹತ್ರ, ಮುಖದ ಮುಂದೆ ಚಕ್ಲಿ ಸುತ್ತಿದಂಗೆ ಸುತ್ಕಂಡಿರೋ ಸೊಂಡ್ಲು, ಅದು ಬಿಚ್ಕಂತು, ಸೀದಾ ಆತು, ಕೂದ್ಲಷ್ಟು ಸಣ್ಣದು, ಕೂದ್ಲಿಗಿಂತ ಸಣ್ಣದು, ಹೂವಿನ ಬಾಯಾಗೆ ಇಳೀತು, ಇಳೀತಾ ಹೋತು, ಹೂವು ಅಲ್ಲಾಡ್ಲಿಲ್ಲ. ಗಾಳಿ ನಿಂತೈತೆ. ಹೂವಿಗೆ ಗೊತ್ತೇ ಆಗ್ಲಿಲ್ಲ. ಟಕ್ ಅಂತು ಫೋನು. ಪಾತರಗಿತ್ತಿ ಎದ್ದು ಹೋತು. ಎಂಟು ತಿಂಗಳಾಗೆ ಇಂಥ ಫೋಟ ಬಿದ್ದಿಲ್ಲ, ಹೆಬ್ಬೆಟ್ಟಿಲ್ಲ, ಮಸುಕಿಲ್ಲ, ಸೊಂಡ್ಲು ಗೆರಿ ಎಳದಂಗೆ ಬಂದೈತೆ, ಇದೇ, ಇದನ್ನ ತೋರಿಸಿದ್ರೆ ಸಾಕು, ನೋಡೇ ಇಷ್ಟೇ ಕಣೇ ಸೂಜಿ, ಇಷ್ಟೇ ಸಣ್ಣದು, ಹೂವು ನೋಡು ಹೆಂಗೆ ಸುಮ್ನೆ ಐತೆ — ಎದ್ದ, ಓಡಿದ, ಮೂರು ಹೆಜ್ಜಿ ಓಡಿದ, ನಿಂತ. ಯಾರಿಗೆ ತೋರಿಸ್ತೀಯ.

ಏನ್ರೀ, ಸಿಕ್ತಾ ಇವತ್ತು, ಒಳಗಿಂದ ಕೂಗಿದ್ಲು. ಕೈ ಮೂಸಿ ನೋಡ್ಕಂಡ. ಏನಿಲ್ಲ. ತುಳಸಿ ಹತ್ರ ಬರೇ ಕುಂತಿದ್ದ, ಮುಟ್ಟಿರ್ಲಿಲ್ಲ, ಕನಕಾಂಬ್ರಕ್ಕೆ ವಾಸ್ನೇನೇ ಇಲ್ಲ. ಇವತ್ತು ಸಿಕ್ಕಿಬೀಳ್ತಾಳೆ. ಎರಡು ಎಲಿ ತುಳಸಿ ಕೈಗೆ ತಿಕ್ಕಂಡು ಹೋದ್ರೆ ಜೇನುಹುಳ ಅಂತಾಳೆ, ನಗ್ತಾಳೆ, ಅವನೂ ಹೌದಂತಾನೆ, ಇಬ್ರೂ ಚಾ ಕುಡೀತಾರೆ, ಒಂದು ಗಂಟಿ ಆಗ್ತೈತೆ, ಡಾಕ್ಟ್ರಮ್ಮ ಮನಿಗೆ ಹೋಗ್ತಾರೆ, ಕತ್ಲೆ ಇನ್ನೊಂದು ಗೇಣು ಒಳಗ ಇಳೀತೈತೆ — ಕೈ ತುಳಸಿ ಕಡಿಗೆ ಹೋತು, ಹಿಂದಕ್ಕೆ ಬಂತು, ಮತ್ತೆ ಹೋತು, ಬಂತು. ತುಳಸಿ ಮುಟ್ಟದೆ ಬರೇ ಕೈಯಾಗೇ ಒಳಗ ಹೋದ. ಫೋನು ಹಿಡದ. ಅಕಿ ಕೈ ಸಮೇತ ಎಳ್ಕಂಡ್ಲು. ಉಸ್ರು ಎಳದ್ಲು. ಇನ್ನೊಂದು ಸಲ ಎಳದ್ಲು. ಬೆರಳೆಲ್ಲಾ ಹುಡುಕಿದ್ಲು ಮೂಗಿನಿಂದ, ಒಂದೊಂದೇ, ಹೆಬ್ಬೆಟ್ಟು, ಅಂಗೈ, ಮಣಿಕಟ್ಟು. ಮುಖದ ಮ್ಯಾಲಿನ ನಗಿ ಹಂಗೇ ಐತೆ. ಇವತ್ತು ನೀವೇ ಹೇಳ್ರಿ ಅಂದ್ಲು, ಸಣ್ಣಕೆ, ಏನ್ ಬಂದಿತ್ತು. ಏಕಾಂತಪ್ಪ ಬಾಯಿ ತೆಗದ, ಕೂದ್ಲಷ್ಟು ಸಣ್ಣದು ಅನ್ಬೇಕು, ಒಳಗ ಇಳೀತು ಅನ್ಬೇಕು, ಹೂವು ಅಲ್ಲಾಡ್ಲಿಲ್ಲ, ಅವನು ಅಂದ್ರೆ ಅಕಿ ಕಿವಿಯಾಗೆ ಅದು ದಬ್ಬಳ ಆಗ್ತೈತೆ, ಹೂವು ಅಲ್ಲಾಡ್ಲಿಲ್ಲ, ಕೈ ಬಿಡವಲ್ಲಳು, ಹೂವು ಅಲ್ಲಾಡ್ಲಿಲ್ಲ — ಅಲ್ರೀ ಕಥಿ ಕೇಳೋರೇ, ಇಷ್ಟೊತ್ತು ಪುಕ್ಸಟ್ಟೆ ಕೇಳಿದ್ರಲ್ಲ, ಸುಮ್ನೆ ಯಾಕ ಕುಂತೀರಿ, ಬರ್ರಿ ಒಳಗೆ, ಚಪ್ಲಿ ಬಾಗ್ಲಾಗೇ ಬಿಡ್ರಿ, ನಂಗೂ ಆ ಸೂಜಿ ಹಾಕ್ಯಾರೆ ಯಮ್ಮಾ, ನೋಯ್ಲಿಲ್ಲ, ಹೂವು ಅಲ್ಲಾಡ್ಲಿಲ್ಲ ಅಂತ ಅಕಿ ಮುಂದೆ ಒಂದು ಸುಳ್ಳು, ಒಂದೇ ಒಂದು, ನೀವು ಹೇಳಿ ಹೋಗ್ರಿ.