ಗುಡಾಣದ ಪಾಲು

ಅಬ್ಬಾ ವೊರ್ಕು ಮಂಡಿಯೂರಿ ಕೂತು ಗುಡಾಣದ ಹೊಟ್ಟೆಗೆ ಕಿವಿ ಹಚ್ಚಿದರು. ಒಳಗೆ ಬುಸುಬುಸು ಸದ್ದು ನಡೆದೇ ಇತ್ತು. ಉಳಿದಿಬ್ಬರು ಹಿರಿಯರು ಮಾತು ನಿಲ್ಲಿಸಿ ಅವರ ಮುಖ ನೋಡಿದರು.

"ಇನ್ನೂ ಹುದುಗ್ತಾ ಇದೆ. ಇದನ್ನ ಇವತ್ತು ಹಂಚೋಕಾಗಲ್ಲ," ಎಂದರು ಅಬ್ಬಾ ವೊರ್ಕು.

ಬೆಳಿಗ್ಗೆಯಿಂದ ಆ ಮನೆಯನ್ನು ನಡುಮಧ್ಯಕ್ಕೆ ಸೀಳುವ ಕೆಲಸ ಸಾಗಿತ್ತು. ಕೆಂದ ಹಸು ತಿರುಂಗೊಗೆ, ಮಚ್ಚೆ ಹಸು ಅವಳ ಗಂಡ ಅನಿಮುತ್‌ಗೆ. ಕತ್ತೆ ಅವನಿಗೆ, ಕುರಿಗಳು ಅವಳಿಗೆ. ಕಣಜದ ತೆಫ್ ಕಾಳನ್ನು ಅಳೆದು ಎರಡು ರಾಶಿ ಹಾಕಿದ್ದರು. ಮರದ ಮೇಲಿನ ಜೇನುಗೂಡುಗಳು ಅವನಿಗೆ, ಮನೆ ಅವಳಿಗೆ. ಮಡಕೆಗಳಲ್ಲಿದ್ದ ಜೇನುತುಪ್ಪ ಸಮಸಮ. ತಿರುಂಗೊ ಎಲ್ಲದಕ್ಕೂ ಸುಮ್ಮನೆ ತಲೆಯಾಡಿಸಿದ್ದಳು. ಅವಳು ಕೂಗಾಡಿ ಜಗಳ ತೆಗೆದಿದ್ದರೆ ಬಂದವರಿಗೂ ಕೊಂಚ ಹಗುರವಾಗುತ್ತಿತ್ತೇನೋ. ಕೊನೆಗೆ ಉಳಿದದ್ದು ಮೂಲೆಯ ಗುಡಾಣ, ಅದರ ತುಂಬ ಅವಳು ಹುದುಗಲು ಇಟ್ಟಿದ್ದ ಜೇನಿನ ಮದ್ಯ, ತೆಜ್.

"ಅಬ್ಬಾ, ನನಗೆ ಅದು ಬೇಡ. ಅವಳೇ ಇಟ್ಕೊಳ್ಳಲಿ," ಎಂದ ಅನಿಮುತ್.

"ನಿನಗೆ ಬೇಕೋ ಬೇಡ್ವೋ ಅಂತ ಯಾರಾದ್ರೂ ಕೇಳಿದ್ರೇನಯ್ಯ? ಇವತ್ತು ಬೇಡ ಅಂತೀಯ. ನಾಳೆ ಅಲ್ಲಿ ಕೂತ್ಕೊಂಡು ನನ್ನ ಪಾಲು ನುಂಗಿದ್ರು ಅಂತ ಊರೆಲ್ಲ ಹೇಳ್ತೀಯ. ಇಂಥವರನ್ನ ನೋಡಿ ನೋಡಿಯೇ ನನ್ನ ಗಡ್ಡ ಬೆಳ್ಳಗಾಗಿರೋದು." ಅಬ್ಬಾ ವೊರ್ಕು ಗೋಡೆ ಹಿಡಿದು ಎದ್ದರು. "ಮರ ಹತ್ತಿ ಜೇನು ಇಳಿಸಿದವನು ನೀನು. ಗುಡಾಣಕ್ಕೆ ಹೊಗೆ ಹಾಕಿ, ಹುದುಗೋಕೆ ಗೇಶೋ ಕಡ್ಡಿ ಬಿಟ್ಟವಳು ಅವಳು. ಇಬ್ಬರ ಬೆವರೂ ಅದರಲ್ಲಿದೆ. ಅರ್ಧಕ್ಕೇ ಸೋಸಿದ್ರೆ ಇಬ್ಬರಿಗೂ ಸಿಹಿನೀರೇ ಗತಿ. ಸದ್ದು ನಿಲ್ಲಲಿ. ನಿಂತ ಮೇಲೆ ಬಂದು ಹಂಚ್ತೀವಿ. ಪಾಲು ಮುಗಿಯೋವರೆಗೆ ಯಾರೂ ಹೊಸ್ತಿಲು ಬಿಟ್ಟು ಹೋಗೋ ಹಾಗಿಲ್ಲ."

ಅನಿಮುತ್ ತಲೆ ತಗ್ಗಿಸಿದ. ತಿರುಂಗೊ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡರು ಹಿರಿಯರು. ಪಾಪ, ಅವಳಿಗೆ ಆದದ್ದು ಖುಷಿ. ನಾಚಿಕೆಗೇಡಿನ ಖುಷಿ, ಆದರೂ ಖುಷಿಯೇ.

ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಅದು. ದಂಗಿಲಾ ಸಂತೆಗೆ ಜೇನು ಮಾರಲು ಹೋದ ಅನಿಮುತ್, ಕುಡಿಯಲು ಸಿಗುತ್ತದೆಂಬ ಗುರುತಿಗೆ ಬಾಗಿಲ ಮುಂದಿನ ಕೋಲಿಗೆ ಡಬ್ಬಿ ಬೋರಲು ಹಾಕಿದ ಒಂದು ಮನೆಯಲ್ಲಿ ಬಾರ್ಲಿಯ ತೆಲ್ಲಾ ಕುಡಿಯಲು ಕೂತ. ಕೂತವನು ಏಳಲು ತಡ ಮಾಡಿದ. ತೆಲ್ಲಾ ಮಾಡುವ ಬೊಸೆನಾ ಗಂಡ ಸತ್ತವಳು. ಈಗ ಅವಳು ಬಸುರಿ. ತಿರುಂಗೊಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಬಸಿರು ನಿಂತಿರಲಿಲ್ಲ. ಅನಿಮುತ್ ಅದನ್ನು ಎತ್ತಿ ಆಡಿದವನೇ ಅಲ್ಲ. ಮೊನ್ನೆ ವಿಷಯ ಹೇಳುವಾಗಲೂ, "ಮಗು ನಂದು ತಿರುಂಗೊ, ಏನ್ ಮಾಡ್ಲಿ ಹೇಳು," ಎಂದು ಅವನೇ ಅತ್ತುಬಿಟ್ಟಿದ್ದ. ಅವಳು ಅವನ ಕಣ್ಣೊರೆಸಿದ್ದಳು.

"ಥೂ, ಜೇನು ಬಿಟ್ಟು ಹೊಟ್ಟಿನ ನೀರಿಗೆ ಹೋದ್ನಲ್ಲೇ!" ಎಂದು ಪಕ್ಕದ ಮನೆಯ ದೆಬ್ರೆ ಅವಳ ಪರವಾಗಿ ಸಿಟ್ಟು ಮಾಡಿಕೊಂಡಳು. "ಆ ತೆಲ್ಲಾ ಕುಡಿದ್ರೆ ಕತ್ತೆಗೂ ತೇಗು ಬರಲ್ಲ."

"ಇಲ್ಲ ಕಣೆ. ಅವಳ ತೆಲ್ಲಾ ಚೆನ್ನಾಗಿರತ್ತಂತೆ. ನಾನೇ ವಿಚಾರಿಸಿದೆ."

"ನಿನ್ನ ತಲೆ! ಯಾಕೆ ವಿಚಾರಿಸೋಕೆ ಹೋದೆ?"

ಅನಿಮುತ್ ದನ ಹೊಡೆದುಕೊಂಡು ಹಳ್ಳದ ಕಡೆ ಇಳಿದ ಮೇಲೆ ತಿರುಂಗೊ ಒಳಗೆ ಹೋಗಿ, ತನ್ನ ಪಾಲಿನ ಜೇನಿನ ಮಡಕೆ ತೆರೆದಳು. ಗ್ರಾವ ಗಿಡದ ಜೇನು ಅದು, ಕಪ್ಪಗೆ, ದಪ್ಪಗೆ. ನಾಲಿಗೆಗಿಟ್ಟರೆ ಮೊದಲು ಸಿಹಿ, ಆಮೇಲೆ ಬುಡದಲ್ಲೆಲ್ಲೋ ಒಂದು ಸಣ್ಣ ಕಹಿ. ಆ ಕಹಿಯಿಂದಲೇ ಅವಳ ತೆಜ್‌ಗೆ ಅಷ್ಟು ಹೆಸರು. ಗುಡಾಣದ ಬಾಯಿಯ ಬಟ್ಟೆಯನ್ನು ಒಂದು ಕಡೆ ಸಡಿಲಿಸಿ, ಒಂದು ಸೌಟು ಜೇನು ಬಿಟ್ಟು, ಮತ್ತೆ ಬಿಗಿದಳು. ಹೊಸ ಜೇನು ಬಿದ್ದರೆ ಹುಳಿ ಬರುವುದು ತಡವಾಗುತ್ತದೆ, ನೊರೆ ಮತ್ತೆ ಏಳುತ್ತದೆ. ಮಾರನೆಯ ದಿನವೂ ಬಿಟ್ಟಳು. ಅದರ ಮಾರನೆಯ ದಿನವೂ.

ಆ ದಿನಗಳು ಹೇಗಿದ್ದವೆಂದರೆ, ಏನೂ ಆಗಿಲ್ಲವೇನೋ ಅನ್ನುವ ಹಾಗಿದ್ದವು. ಅನಿಮುತ್ ಗೋಡೆಯ ಪಕ್ಕದ ಜಗಲಿಯ ಮೇಲೆ ಬೇರೆ ಮಲಗುತ್ತಿದ್ದ, ಅಷ್ಟೇ. ಹಗಲು ಮಾಡಿನ ಹುಲ್ಲು ಸರಿಮಾಡಿದ, ಮುರಿದ ಕುರಿದೊಡ್ಡಿ ಕಟ್ಟಿಕೊಟ್ಟ. ಹೋಗುವವನು ಇದೆಲ್ಲ ಯಾಕೆ ಮಾಡುತ್ತಾನೆ ಎಂದು ಅವಳು ಆಸೆಪಟ್ಟಳು. ಹೋಗುವವನೇ ಇದೆಲ್ಲ ಮಾಡಿಟ್ಟು ಹೋಗುವುದು ಎಂದು ಅವಳಿಗೆ ಹೊಳೆಯಲಿಲ್ಲ, ಅಥವಾ ಹೊಳೆದರೂ ಆ ಕಡೆ ತಲೆ ಹಾಕಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಊಟಕ್ಕೆ ಕೂತಿದ್ದರು. ಇಂಜೆರಾ ರೊಟ್ಟಿ ಹರಿದು, ಬೇಳೆಸಾರಿನಲ್ಲಿ ಹೊರಳಿಸಿ, ಅವಳ ಕೈ ತುತ್ತು ಹಿಡಿದು ತಾನಾಗಿ ಅವನ ಬಾಯಿಯ ಕಡೆ ಹೋಯಿತು. ಇಷ್ಟು ವರ್ಷದ ರೂಢಿ. ಅರ್ಧ ದಾರಿಯಲ್ಲಿ ನೆನಪಾಗಿ ಕೈ ಅಲ್ಲೇ ನಿಂತಿತು. ಹಿಂದಕ್ಕೆಳೆಯಲೂ ಆಗದು, ಮುಂದೆ ಚಾಚಲೂ ಆಗದು. ಅನಿಮುತ್ ಮುಂದಕ್ಕೆ ಬಾಗಿ ಬಾಯಿ ತೆರೆದ. ಅವಳ ಬೆರಳು ಅವನ ತುಟಿಗೆ ತಾಗಿತು.

"ಖಾರ ಜಾಸ್ತಿ ಆಯ್ತಾ?" ಎಂದಳು, ಅವನ ಒದ್ದೆ ಕಣ್ಣು ನೋಡಿ.

"ಹೂಂ. ಸ್ವಲ್ಪ," ಎಂದ.

ಖಾರವೂ ಇಲ್ಲ, ಮಣ್ಣೂ ಇಲ್ಲ. ಆ ದಿನ ಅವಳು ಎರಡು ಸೌಟು ಜೇನು ಬಿಟ್ಟಳು.

ಗುಡಾಣದ ಬಾಯಿಗೆ ಜೇನುಹುಳುಗಳು ಮುತ್ತತೊಡಗಿದವು. ಬಟ್ಟೆಯ ಅಂಚಿಗೆ ಅಂಟಿದ ಹಸಿ ಜೇನಿಗೆ ಬಂದವು ಅವು. ಹುದುಗಿದ ತೆಜ್‌ಗೆ ಹಾಗೆ ಬರುವುದಿಲ್ಲ. ಅನಿಮುತ್ ಹುಳುಗಳನ್ನು ನೋಡಿದ, ಬಟ್ಟೆಯನ್ನು ನೋಡಿದ. ಮೆಲ್ಲಗೆ ಕೈಯಲ್ಲಿ ಅವನ್ನು ಬಾಗಿಲ ಕಡೆ ಸರಿಸಿ ಹೊರಗೆ ಹೋದ. ತಿರುಂಗೊ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು.

ಹಿರಿಯರು ಒಮ್ಮೆ ಬಂದು ಕಿವಿಯಿಟ್ಟು ನೋಡಿ ಹೋದರು. ಮತ್ತೊಮ್ಮೆ ಬಂದಾಗಲೂ ಗುಡಾಣ ಬುಸುಗುಡುತ್ತಲೇ ಇತ್ತು.

"ಏನಮ್ಮಾ ಇದು, ತೆಜ್ಜೋ ಹಾವೋ?" ಎಂದರು ಅಬ್ಬಾ ವೊರ್ಕು.

"ಈ ವರ್ಷ ಚಳಿ ಜಾಸ್ತಿ ಅಬ್ಬಾ. ಚಳಿಗೆ ನಿಧಾನ," ಎಂದಳು ತಿರುಂಗೊ.

"ನಮ್ಮನೇದು ಆಗಲೇ ಕುಡಿದು ಖಾಲಿ ಆಯ್ತಲ್ಲ!"

"ನಿಮ್ಮನೆ ಕೆಳಗಡೆ ಅಲ್ವಾ ಅಬ್ಬಾ, ಬಿಸಿಲು ಬೀಳತ್ತೆ."

ಮುದುಕರು ಅವಳನ್ನು ದಿಟ್ಟಿಸಿ ನೋಡಿದರು. ನಿಟ್ಟುಸಿರು ಬಿಟ್ಟು ಕೋಲೂರಿಕೊಂಡು ಹೊರಟುಹೋದರು. ಅವರಿಗೂ ಅನುಮಾನ ಬಂದಿತ್ತು. ಬಂದ ಅನುಮಾನವನ್ನು ನುಂಗಿಕೊಂಡರು.

ಅವಳ ಪಾಲಿನ ಜೇನು ತಳ ಕಂಡಿತು. ಮಡಕೆಗೆ ಕೈ ಹಾಕಿ ಬಳಿದು, ಅಂಗೈಯಲ್ಲಿ ಬಂದಷ್ಟನ್ನು ಗುಡಾಣದೊಳಗೇ ತೊಳೆದಳು. ಆ ವಾರವೇ ದಂಗಿಲಾದಿಂದ ಸುದ್ದಿ ಬಂತು. ಬೊಸೆನಾಗೆ ದಿನ ತುಂಬುತ್ತಿದೆ, ಕಾಲು ಬಾತಿದೆ, ನೀರು ತರಲೂ ಮನೆಯಲ್ಲಿ ಯಾರಿಲ್ಲ. ಸುದ್ದಿ ಕೇಳಿದ ಅನಿಮುತ್ ಅಂಗಳದಲ್ಲಿ ಬಹಳ ಹೊತ್ತು ಕೂತಿದ್ದ. ಆಮೇಲೆ ತಾನೇ ಹೋಗಿ ಹಿರಿಯರನ್ನು ಕರೆತಂದ.

"ಸದ್ದು ನಿಂತಿಲ್ವಲ್ಲೋ," ಎಂದರು ಅಬ್ಬಾ ವೊರ್ಕು, ಬಾಗಿಲಲ್ಲೇ ನಿಂತು.

"ಆಗಿದೆ ಅಬ್ಬಾ. ಬಿಚ್ಚಿಸಿ."

ತಿರುಂಗೊ ಬಟ್ಟೆ ಬಿಚ್ಚಿದಳು. ಗೇಶೋ ಕಡ್ಡಿಗಳು ಇನ್ನೂ ಮೇಲೇ ತೇಲುತ್ತಿದ್ದವು. ತೆಳು ಬಟ್ಟೆಯಲ್ಲಿ ಸೋಸಿ, ಉದ್ದ ಕುತ್ತಿಗೆಯ ಗಾಜಿನ ಕುಪ್ಪಿಗಳಲ್ಲಿ ತುಂಬಿ ಒಬ್ಬೊಬ್ಬರಿಗೂ ಕೊಟ್ಟಳು. ಅಬ್ಬಾ ವೊರ್ಕು ಒಂದು ಗುಟುಕು ಕುಡಿದು ಕುಪ್ಪಿ ಕೆಳಗಿಟ್ಟರು.

"ಇದು ತೆಜ್ ಅಲ್ಲ ಕಣಯ್ಯಾ. ಬೆರ್ಜ್! ಹಬ್ಬದ ದಿನ ಮಕ್ಕಳಿಗೆ ಕೊಡೋ ಜೇನುನೀರು. ಇದನ್ನ ಕುಡಿದ್ರೆ ನನ್ನ ಮೊಮ್ಮಗನಿಗೂ ಅಮಲೇರಲ್ಲ."

ಅನಿಮುತ್ ತನ್ನ ಕುಪ್ಪಿಯನ್ನು ಎತ್ತಿದವನು ಇಳಿಸಲೇ ಇಲ್ಲ. ಕೊನೆಯ ಹನಿಯವರೆಗೂ ಕುಡಿದು ಬಾಯಿ ಒರೆಸಿಕೊಂಡ. "ನನ್ನ ನಾಲಿಗೆಗೆ ಆಗಿದೆ," ಎಂದ.

ತಿರುಂಗೊ ಅವನ ಮುಖವನ್ನೇ ನೋಡಿದಳು. ಜೇನನ್ನು ಮೂಸಿ ನೋಡಿ ಅದು ಯಾವ ಗುಡ್ಡದ ಯಾವ ಹೂವಿನದೆಂದು ಹೇಳುತ್ತಿದ್ದವನು ಅವನು. ತೆಜ್ ಸ್ವಲ್ಪ ಸಿಹಿ ಮುಂದಾದರೂ ಮುಖ ಕಿವುಚುತ್ತಿದ್ದವನು. ಸಂತೆಯಲ್ಲಿ ಕೂಡ ಜೇನಿನ ವಿಷಯಕ್ಕೆ ಒಂದು ಸುಳ್ಳು ಆಡಿದವನಲ್ಲ. ಈಗ ಊರ ಹಿರಿಯರ ಎದುರು, ಅವಳ ಎದುರು, ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದಾನೆ. ಅವಳ ಕಳ್ಳತನ ಅವನಿಗೆ ಗೊತ್ತು. ಗೊತ್ತಿದ್ದೂ ಬಯ್ಯಲಿಲ್ಲ, ಬಯಲು ಮಾಡಲಿಲ್ಲ. ಆದರೆ ಇನ್ನೊಂದು ದಿನವೂ ಇರಲಾರ.

"ನಿನ್ನ ನಾಲಿಗೆ ನಂಬೋ ಹಾಗಿಲ್ಲ. ನಿನಗೆ ಹೋಗೋ ಅವಸರ," ಎಂದರು ಅಬ್ಬಾ ವೊರ್ಕು. ತಿರುಂಗೊ ಕಡೆ ತಿರುಗಿದರು, ದನಿ ತಗ್ಗಿಸಿದರು. "ಮಗಳೇ, ಇಟ್ಟವಳು ನೀನು. ನೀನು ಹೇಳಿದ್ದೇ ಕೊನೆ. ಆಗಿಲ್ಲ ಅನ್ನು, ನಾವು ಎದ್ದು ಹೋಗ್ತೀವಿ. ಈಸ್ಟರ್ ಕಳೆದು ಬರ್ತೀವಿ. ಇವನೂ ಇಲ್ಲೇ ಬಿದ್ದಿರ್ತಾನೆ. ಏನಂತೀಯ?"

ಮುದುಕರು ಅವಳ ಕೈಗೆ ಅವನನ್ನು ಎತ್ತಿ ಕೊಟ್ಟಿದ್ದರು. ಆಗಿಲ್ಲ ಎಂಬ ಒಂದು ಮಾತು ಸಾಕಿತ್ತು, ಅದು ನಿಜವೂ ಆಗಿತ್ತು. ಅನಿಮುತ್ ನೆಲ ನೋಡುತ್ತ ನಿಂತಿದ್ದ. ಬೇಡಿಕೊಳ್ಳಲಿಲ್ಲ. ಅವನ ಕಿವಿಗಳು ಮಾತ್ರ ಕೆಂಪಗಾಗಿದ್ದವು.

"ಆಗಿದೆ ಅಬ್ಬಾ," ಎಂದಳು ತಿರುಂಗೊ. "ಹಂಚಿಬಿಡಿ."

ಅವಳಿಗೊಂದು ತಂಬಿಗೆ, ಅವನಿಗೊಂದು ತಂಬಿಗೆ ಎಂದು ಅಳೆದರು. ಅನಿಮುತ್‌ನ ಪಾಲನ್ನು ಎರಡು ಹಳದಿ ಪ್ಲಾಸ್ಟಿಕ್ ಕ್ಯಾನುಗಳಿಗೆ ತುಂಬಿಸಿದರು. ಹಿರಿಯರು ಇಬ್ಬರ ತಲೆಯ ಮೇಲೂ ಕೈಯಿಟ್ಟು, ಇನ್ನು ಋಣ ತೀರಿತು ಎಂದು ಹೇಳಿ, ಇಳಿಜಾರಿನ ದಾರಿ ಹಿಡಿದರು.

ಅನಿಮುತ್ ಅಂಗಳದಲ್ಲಿ ಕತ್ತೆಯ ಬೆನ್ನಿಗೆ ಕ್ಯಾನುಗಳನ್ನು ಹಗ್ಗದಿಂದ ಬಿಗಿಯುತ್ತಿದ್ದ. ತಿರುಂಗೊ ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಬರಬಾರದು ಎಂದುಕೊಂಡಿದ್ದವಳು ಬಂದೇಬಿಟ್ಟಳು.

"ಮುಚ್ಚಳ ಅಷ್ಟು ಬಿಗಿ ಮಾಡಬೇಡ," ಎಂದಳು. "ಇನ್ನೂ ಹುದುಗ್ತಿದೆ. ದಾರೀಲಿ ಕ್ಯಾನು ಒಡೆದುಹೋಗತ್ತೆ."

"ಗೊತ್ತು," ಎಂದ ಅನಿಮುತ್.

ಅವನು ಮುಚ್ಚಳಗಳನ್ನು ಒಂದೊಂದು ಸುತ್ತು ಸಡಿಲಿಸಿದ. ಉಸ್ ಎಂದು ಗಾಳಿ ಹೊರಬಂತು. ಇಬ್ಬರೂ ಆ ಸದ್ದು ಮುಗಿಯುವವರೆಗೆ ನಿಂತಿದ್ದರು. ಆಮೇಲೆ ಅವನು ಕತ್ತೆಯ ಕುತ್ತಿಗೆ ತಟ್ಟಿದ. ಅದು ಬೇಲಿ ದಾಟಿ ದಿಬ್ಬ ಏರತೊಡಗಿತು, ಅದರ ಹಿಂದೆ ಅವನು. ಕ್ಯಾನಿನ ಬಾಯಿಂದ ಬಿಳಿ ನೊರೆ ಉಕ್ಕಿ, ಕತ್ತೆಯ ಪಕ್ಕೆಯ ಮೇಲೆ ಇಳಿಯುತ್ತಿತ್ತು.