ಸಕ್ರವ್ವ ಕೆಂಪು ಬಣ್ಣ ಕೇಳಿ ಪಡೆದಳು

ಮಗ್ಗದ ಮುಂದೆ ಕಾಲಿಳಿಬಿಟ್ಟು ಕೂರುವ ಕುಣಿಯಲ್ಲಿ ಅಂದೂ ನೀರು ಜಿನುಗಿತ್ತು. ಸಕ್ರವ್ವ ತಂಬಿಗೆಯಿಂದ ಮೊಗೆದು ಮೊಗೆದು ಹೊರಗೆ ಚೆಲ್ಲಿದಳು. ಹಿತ್ತಲಿನ ಗಟಾರದ ಕೆಲಸ ಅರ್ಧಕ್ಕೇ ನಿಂತು, ಓಣಿಯ ಹೊಲಸು ನೀರೆಲ್ಲ ನೇಕಾರರ ಮನೆಗಳಿಗೆ ಇಳಿಯುತ್ತಿತ್ತು. ಮಳೆ ಹಿಡಿದರೆ ಇಲಕಲ್ಲ ಸೀರೆ ನೇಯುವ ಮಗ್ಗವೇ ನಿಲ್ಲುತ್ತದೆ. ಮಗ್ಗ ನಿಂತರೆ ಒಲೆ ಉರಿಯುವುದು ಹೇಗೆ?

ಪಕ್ಕದ ಮನೆಯ ದಾನೇಶ್ವರಿ ಮಹಿಳಾ ಸಂಘದ ಮುಂದಾಳು. ಅವಳು ಸುದ್ದಿ ತಂದಳು.

"ಅಕ್ಕಾ, ನಗರಸಭೆದವ್ರು ಈ ವರ್ಷ ಮೊದಲು ಮಾಡೂ ಕೆಲಸ ಯಾವು ಅಂತ ಆರಿಸ್ಯಾರ. ಅದ್ರಾಗ ನಮ್ಮ ಗಟಾರನೂ ಐತಿ. ಎಷ್ಟಾತು, ಎಷ್ಟು ಉಳೀತು ಅಂತ ಆಗಾಗ ಬಂದು ನೋಡಿ, ಕಚೇರಿ ಮುಂದಿನ ಫಲಕಕ್ಕ ಬಣ್ಣ ಹಚ್ಚತಾರ. ಮುಗಿದ್ರ ಹಸರು, ನಿಂತ್ರ ಕೆಂಪು."

"ಬಣ್ಣ ಹಚ್ಚಿದ್ರ ನನ್ನ ಕುಣಿ ಒಣಗ್ತೈತೇನ? ಹೋಗ ನಮ್ಮವ್ವಾ!" ಸಕ್ರವ್ವ ನಕ್ಕುಬಿಟ್ಟಳು.

ಆದರೆ ನಗರಸಭೆಯ ಸಾಹೇಬರು ನೋಡಲು ಬರುತ್ತಾರೆ ಎಂದದ್ದೇ ತಡ, ಓಣಿಗೆ ಓಣಿಯೇ ಟೊಂಕ ಕಟ್ಟಿತು. ಮನೆಗೆ ಬಂದವರಿಗೆ ಹೊಲಸು ತೋರಿಸುವುದೇ? ಗಂಡಸರು ಗಟಾರ ಅರ್ಧಕ್ಕೆ ನಿಂತ ಜಾಗದ ಮೇಲೆ ಫರಸಿ ಕಲ್ಲು ಮುಚ್ಚಿದರು. ಹೆಂಗಸರು ರಂಗೋಲಿ ಹಾಕಿದರು. ಸಕ್ರವ್ವ ಕುಣಿಗೆ ಹಲಗೆ ಮುಚ್ಚಿ, ಚಾಪೆ ಹಾಸಿ, ಸಾಹೇಬರನ್ನು ಅದರ ಮೇಲೆಯೇ ಕೂರಿಸಿ ಮಂಡಕ್ಕಿಯ ಸೂಸಲ, ಚಹಾ ಕೊಟ್ಟಳು. "ಎಲ್ಲಾ ಭಾಳ ಛಲೋ ಐತಿ" ಎಂದು ಅವರು ಹೊರಟರು.

ಕೆಲವೇ ದಿನಗಳಲ್ಲಿ ಫಲಕದ ಮೇಲೆ ಗಟಾರಕ್ಕೆ ಹಸಿರು ಬಣ್ಣ!

ಸಕ್ರವ್ವ ಉರಿದುಬಿದ್ದಳು. "ಎಂಥಾ ಸುಳ್ಳು ಬಣ್ಣ ಹಚ್ಯಾರ ನೋಡ!"

"ಸುಳ್ಳು ಅವ್ರದಲ್ಲ ಅಕ್ಕಾ, ನಮ್ದು. ಅವ್ರು ಕಂಡದ್ದನ್ನ ಬರದಾರ. ನಾವು ಅವ್ರಿಗೆ ತೋರಿಸಿದ್ದು ಏನು? ರಂಗೋಲಿ! ನಾಳೆ ವಾರ್ಡ್ ಸಭಾ ಐತಿ, ಸಾಹೇಬ್ರೂ ಬರ್ತಾರ, ಎದ್ದು ಖರೆ ಹೇಳು" ಎಂದಳು ದಾನೇಶ್ವರಿ.

ಗಂಡ ದುರಗಪ್ಪ ಹಿಂಜರಿದ. "ಮನ್ಯಾಗ ಗಟಾರ ನೀರು ಅಂತ ನಾಕ ಮಂದಿ ಮುಂದ ಹೇಳ್ತೀ? ಮಾನ ಹೋಗ್ತೈತಿ."

"ಮಗ್ಗ ಹೋದ ಮ್ಯಾಲ ಮಾನ ತಗೊಂಡು ಏನ್ ಮಾಡೂದ್ರಿ?"

ಸಭೆಯಲ್ಲಿ ಸಕ್ರವ್ವ ಎದ್ದು ನಿಂತಳು.

"ಸಾಹೇಬ್ರ, ತಪ್ಪು ನಮ್ದರಿ. ನೀವು ಕುಂತು ಚಾ ಕುಡಿದ್ರಲ್ಲ, ಆ ಚಾಪಿ ಕೆಳಗ ಗಟಾರ ನೀರು ಐತ್ರಿ. ಹಸರು ಅಳಸ್ರಿ, ಕೆಂಪು ಹಚ್ಚರಿ. ಬೇಕಾದ್ರ ಈಗ ಬಂದು ನೋಡ್ರಿ. ಈ ಸಲ ಚಾ ಇಲ್ಲ!"

ಸಭೆ ಗೊಳ್ಳೆಂದು ನಕ್ಕಿತು. ಸಾಹೇಬರೂ ನಕ್ಕರು, ಆದರೆ ಎದ್ದು ಬಂದರು. ಸಕ್ರವ್ವ ಕುಣಿಯ ಹಲಗೆ ಎತ್ತಿದ ಕೂಡಲೇ ಅವರ ನಗು ನಿಂತಿತು.

ಮರುದಿನ ಫಲಕದಲ್ಲಿ ಕೆಂಪು ಬಣ್ಣ ಬಂತು. ಕೆಂಪು ಬಂತೆಂದು ಸಕ್ಕರೆ ಹಂಚಿದ ಓಣಿ ನಾಡಿನಲ್ಲಿ ಇದೊಂದೇ ಇರಬೇಕು! ಊರೆಲ್ಲ ಕೆಂಪು ಕಂಡ ಮೇಲೆ ನಗರಸಭೆಯವರು ಸುಮ್ಮನೆ ಕೂರುವಂತಿರಲಿಲ್ಲ. ಸಕ್ರವ್ವ, ದಾನೇಶ್ವರಿ ಇಬ್ಬರೂ ಸಭೆ ತಪ್ಪಿಸದೆ "ಕೆಲಸ ಎಲ್ಲಿಗಿ ಬಂತ್ರಿ?" ಎಂದು ಬೆನ್ನು ಹತ್ತಿದರು. ಮಳೆಗಾಲಕ್ಕೆ ಮೊದಲೇ ಗಟಾರ ಊರಾಚೆಯ ದೊಡ್ಡ ಕಾಲುವೆಗೆ ಕೂಡಿತು.

ಮೊದಲ ದೊಡ್ಡ ಮಳೆಯ ದಿನ ದುರಗಪ್ಪ ಕುಣಿಗಿಳಿದು ನೆಲ ಮುಟ್ಟಿ ನೋಡಿದ. ಒಣಗಿತ್ತು.

"ಗೆದ್ದಿ ಬಿಡು ಸಕ್ರವ್ವಾ! ಇನ್ನ ಮುಂದ ಸಭಾಕ್ಕ ನಾನೂ ಬರ್ತೇನಿ."

ಸಕ್ರವ್ವನಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಅಂದು ಮಳೆಯ ಸದ್ದನ್ನೂ ಮೀರಿ ಓಣಿಯ ಮಗ್ಗಗಳೆಲ್ಲ ಸದ್ದು ಮಾಡಿದವು.

ಅಕ್ಕಂದಿರೇ, ಅಣ್ಣಂದಿರೇ, ಈ ವರ್ಷ ಯಾವ ಕೆಲಸ ಮಾಡುತ್ತೇವೆಂದು ನಿಮ್ಮ ನಗರಸಭೆ ಮಾತು ಕೊಟ್ಟಿದೆ? ಹೋಗಿ ತಿಳಿದುಕೊಳ್ಳಿ. ಅದು ಎಲ್ಲಿಗೆ ಬಂತೆಂದು ವಾರ್ಡ್ ಸಭೆಯಲ್ಲಿ ಕೇಳಿ. ನೋಡಲು ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆಯೇ ತೋರಿಸಿ. ಉಪಚಾರ ಆಮೇಲೆ ಮಾಡಿದರಾಯಿತು!