ನೆಲ ಮುಟ್ಟುವ ದಾರ

"ಅಕ್ಕಾ, ನಟ್ಟು ನೆಲ ಮುಟ್ಟಿಲ್ಲ," ಅಂದ ಡ್ರೈವರ್.

ಮುಟ್ಟಿಲ್ಲವೆಂದು ಅವಳಿಗೂ ಗೊತ್ತಿತ್ತು. ವಿಕಿರಣ ಅಳೆಯುವ ಯಂತ್ರವನ್ನು ಸೊಂಟದ ಎತ್ತರಕ್ಕೆ ಹಿಡಿಯಬೇಕು. ಮುದಿ ಕೈಗಳು ಏರುಪೇರು ಮಾಡಬಾರದೆಂದು ಅದಕ್ಕೆ ದಾರ ಕಟ್ಟಿ, ತುದಿಗೊಂದು ನಟ್ಟು ಇಳಿಬಿಟ್ಟವಳು ಅವಳೇ. ದಾರ ಅವಳ ಹೊಲಿಗೆ ಪೆಟ್ಟಿಗೆಯದು, ನಟ್ಟು ಡ್ರೈವರನ ಹಳೆಯ ಬಸ್ಸಿನದು. ಈಗ ಆ ನಟ್ಟು ಅವಳ ಗಂಡನ ಸಮಾಧಿಯ ಮೇಲೆ ಗೇಣೆತ್ತರದಲ್ಲಿ ತೂಗಾಡುತ್ತಿತ್ತು.

ಮೊದಲು ಸರಿಯಾಗಿಯೇ ಹಿಡಿದಿದ್ದಳು. ಅಂಕಿ ಮಿತಿಯನ್ನು ಒಂದಿಷ್ಟೇ ದಾಟಿತ್ತು. ಎದೆಯವರೆಗೆ ಎತ್ತಿದಳು, ಅಂಕಿ ಮಿತಿಯೊಳಗೆ ಇಳಿಯಿತು.

ಅಣು ವಿದ್ಯುತ್ ಸ್ಥಾವರ ಸಿಡಿದ ವರ್ಷ ಊರೆಲ್ಲ ಖಾಲಿಯಾಗಿತ್ತು. ದೂರದ ಪಟ್ಟಣದ ಒಂದು ಬಾಡಿಗೆ ಕೋಣೆಯಲ್ಲಿ ಯಜಮಾನರು ಕಣ್ಣು ಮುಚ್ಚಿದರು. "ನಮ್ಮ ಮಣ್ಣಿಗೇ ಹಾಕು," ಅಂದಿದ್ದರು. ಕಚೇರಿ ಕಚೇರಿ ಅಲೆದು ಅಪ್ಪಣೆ ತಂದು ಇಲ್ಲಿ ಮಲಗಿಸಿದಳು. ಸಾಲದೆಂದು ಮನೆಯ ಸೂರಿನಡಿಯ ಮೆತ್ತನೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ಮೇಲೆ ಹರಡಿದಳು. ಮಾಡಿನ ನೀರು ಬೀಳುವಲ್ಲೇ ವಿಷ ನಿಂತಿರುತ್ತದೆಂದು ಆಗ ಯಾರಿಗೆ ಗೊತ್ತು? ಸ್ಮಶಾನದಲ್ಲಿ ಉಳಿದೆಲ್ಲ ಕಡೆ, ಅಪಾಯವಿಲ್ಲವೆಂದು, ಬಿಳಿ ಬಾವುಟ ನೆಟ್ಟಾಗಿತ್ತು. ಕೆಂಪು ನೆಟ್ಟಲ್ಲಿ ನಾಳೆ ಯಂತ್ರ ಬಂದು ಮಣ್ಣು ಕೆರೆದು, ಕಪ್ಪು ಚೀಲಕ್ಕೆ ತುಂಬಿ ಎಲ್ಲಿಗೋ ಒಯ್ಯುತ್ತದೆ.

"ಬಿಳೀದೇ ನೆಟ್ಬಿಡಿ ಅಕ್ಕ," ಡ್ರೈವರ್ ಬೇರೆ ಕಡೆ ನೋಡುತ್ತ ಅಂದ. "ನಾನೇನೂ ನೋಡಿಲ್ಲ. ನನ್ ಕಣ್ಣಿಗೆ ಪೊರೆ ಬಂದಿರೋದು ಊರಿಗೇ ಗೊತ್ತು."

"ಆ ಪೊರೆ ಇಟ್ಕೊಂಡೇ ಅಲ್ವೇನೋ ಬಸ್ ಓಡಿಸಿದ್ದು?"

"ಅದಕ್ಕೇ ಯಜಮಾನ್ರು ಒಂದಿನಾನೂ ನನ್ ಬಸ್ ಹತ್ತಲಿಲ್ಲ. ನಡ್ಕೊಂಡೇ ಹೋಗ್ತಿದ್ರು, ಪುಣ್ಯಾತ್ಮ."

ಇಬ್ಬರೂ ನಕ್ಕರು. ನಗು ಬೇಗ ಸವೆದುಹೋಯಿತು.

"ನಿನ್ ಮಗಳು ಊರಿಗೆ ಯಾವಾಗ ವಾಪಸ್ ಬರ್ತಾಳೆ?" ಅಂದಳು.

"ಶಾಲೆಗೆ ಹೋಗೋ ದಾರಿ ಇದೇ ತಾನೆ? ಅವಳ ಮಕ್ಕಳು ಇಲ್ಲೇ ನುಗ್ಗಿ ಆಡ್ತಾವೆ. ಹೊಲಿಗೆ ಅತ್ತೆ ಅಳೆದು ಸರಿ ಇದೆ ಅಂದ್ರೆ ಬರ್ತೀನಿ ಅಂದಿದಾಳೆ. ನಾನು ಹೇಳಿದ್ರೆ ನಂಬಲ್ಲ."

ಮೊದಲು ಅಧಿಕಾರಿಗಳು ಅಳೆದು ಹೋಗಿದ್ದರು. ಯಾರೂ ನಂಬಲಿಲ್ಲ. ಬೇಸತ್ತು ಯಂತ್ರಗಳನ್ನು ಊರವರ ಕೈಗೇ ಕೊಟ್ಟರು. ಅಲ್ಲಿಂದೀಚೆಗೆ ಒಂದೊಂದೇ ಮನೆಯ ಬಾಗಿಲು ತೆರೆಯುತ್ತಿತ್ತು.

ಅವಳು ಕಣ್ಣು ಮುಚ್ಚಿದಳು. ತುಟಿಗಳು ಅಲುಗಿದವು. ದೇವರಿಗೆ ಹೇಳಿದಳೋ, ಮಣ್ಣೊಳಗಿನವರಿಗೋ. ಬಳಿಕ ಕೈ ನಿಧಾನವಾಗಿ ಕೆಳಗಿಳಿಯಿತು. ನಟ್ಟು ನೆಲ ಮುಟ್ಟಿ, ದಾರ ನೆಟ್ಟಗೆ ನಿಂತಿತು. ಅಂಕಿ ನಿಲ್ಲುವವರೆಗೆ ಕಾದು, ಗಟ್ಟಿಯಾಗಿ ಓದಿದಳು.

ಡ್ರೈವರ್ ಕೆಂಪು ಬಾವುಟವನ್ನು ಅವಳ ಕೈಗಿತ್ತ. ಅವಳೇ ಹೊಲಿದದ್ದು. ಅಂಚಿನಲ್ಲೊಂದು ದಾರ ಜೋತಾಡುತ್ತಿತ್ತು. ಹಳೆಯ ಅಭ್ಯಾಸ, ಹಲ್ಲಿನಲ್ಲಿ ಕಚ್ಚಲು ಬಾಯಿಗೆ ತಂದಳು.

"ಇಲ್ಲಿ ಬಾಯಿಗೆ ಬೇಡ ಅಕ್ಕ. ಕೈಯೆಲ್ಲ ಮಣ್ಣು."

"ಹೌದಲ್ಲ," ಅಂದಳು.

ಹಾಗೇ ನೆಟ್ಟಳು. ಗಾಳಿಗೆ ಆ ದಾರ ಒಮ್ಮೆ ಎದ್ದು, ಮತ್ತೆ ಮಣ್ಣಿನ ಮೇಲೆ ಮಲಗಿತು.